ಚಕ್ಕುಬಂದಿ

ಪೂರ್ವಕ್ಕೆ ಹೊನ್ನಗಿರಿಯಪ್ಪನ ರಾಗಿ ಹೊಲ,
ಪಶ್ಚಿಮಕ್ಕೆ ಬಂಡಿದಾರಿ,
ಉತ್ತರಕ್ಕೆ ಇದೇ ನಂಬರಿನ ಉಳಿಕೆ ಜಮೀನು,
ದಕ್ಷಿಣಕ್ಕೆ ಹೊಂಗೆಮರ ಮತ್ತು ಖರಾಬು ಹಳ್ಳ.
ಈ ಮಧ್ಯೆ ಇರುವ ಸ್ವತ್ತು ನನ್ನದು,
ಛಾಪಾ ಕಾಗದ ಹಾಗನ್ನುತ್ತದೆ.

ಹೆಗ್ಗನಹಳ್ಳಿಯ ಒಂಬತ್ತನೇ ಕ್ರಾಸಿನಲ್ಲಿ ನಿಂತು
ಸರ್ವೇಯರ್ ಚನ್ನಕೇಶವಯ್ಯ ಕೇಳಿದರು:
ರಾಗಿ ಹೊಲ ಎಲ್ಲಮ್ಮ?
ತೋರಿಸಿದೆ. ಮೂರು ಮಹಡಿ, ಕೆಳಗೆ ಚಿಕನ್ ಸೆಂಟರು.
ಹೊಂಗೆಮರ?
ಟ್ರಾನ್ಸ್‌ಫಾರ್ಮರ್ ತೋರಿಸಿದೆ.
ಹಳ್ಳ ತನ್ನನ್ನು ತಾನೇ ತೋರಿಸಿಕೊಂಡಿತು, ವಾಸನೆಯಲ್ಲಿ.

ಉಳಿಕೆ ಜಮೀನು ಬಾಗಿಲಲ್ಲಿ ನಿಂತಿದ್ದಳು,
ಸೊಂಟಕ್ಕೆ ಕೈಯಿಟ್ಟು: ಆರೋಗ್ಯಮೇರಿ.
ಅವಳ ಪತ್ರದಲ್ಲಿ ದಕ್ಷಿಣಕ್ಕೆ ನಾನು, 'ಇತರರ ಸ್ವತ್ತು'.
ಇಪ್ಪತ್ತೆರಡು ವರ್ಷ ಒಂದೇ ನಲ್ಲಿಗೆ ಕೊಡ ಹಿಡಿದವರು,
ಕಾಗದದಲ್ಲಿ
ನನಗವಳು ಉಳಿಕೆ, ಅವಳಿಗೆ ನಾನು ಇತರರು.
ಮೊನ್ನೆ ಮೆಟ್ಟಿಲಿನ ಪಾಯಕ್ಕೆಂದು ನಾನೆಳೆದ ಸುಣ್ಣದ ಗೆರೆಗೆ
ಅವಳು ಒಂದು ಬಕೆಟ್ ನೀರು ಹೊಯ್ದಳು.
ಮಾತು ಅಲ್ಲಿಗೆ ನಿಂತಿತು.

ಬಾಂದುಕಲ್ಲು ಸಿಕ್ಕರೆ ಲೆಕ್ಕ ಸಿಕ್ಕಿತು, ಅಂದರು ಚನ್ನಕೇಶವಯ್ಯ.
ನಾಲ್ಕು ಸಲ ಡಾಂಬರು ಬಿದ್ದ ರಸ್ತೆಯನ್ನು
ಕಬ್ಬಿಣದ ಸರಳಲ್ಲಿ ಚುಚ್ಚಿ ಚುಚ್ಚಿ ನೋಡಿದರು.
ಕೊನೆಗೆ ಯಾಕೋ ಆರೋಗ್ಯಮೇರಿಯ ಒಗೆಯುವ ಕಲ್ಲಿನತ್ತ ನಡೆದು
ಅದನ್ನು ಮೊಗಚಿದರು.
ಅಡಿಯಲ್ಲಿ ಉಳಿಯಲ್ಲಿ ಕೊರೆದ ಅಡ್ಡಗೆರೆ, ಉದ್ದಗೆರೆ.
ಅವಳೆಂದಳು: ಶಿಲುಬೆ ಅಂದ್ಕೊಂಡಿದ್ವಿ ಸಾರ್.
ಶಿಲುಬೆ ಮೇಲೆ ಬಟ್ಟೆ ಒಗೀಬಾರ್ದು ಅಂತ
ನಮ್ಮತ್ತೆ ತಿರುಗಿಸಿ ಹಾಕಿದ್ರು.
ಎಲ್ಲಿಂದ ತಂದರು?
ಉರುಳಿಸ್ಕೊಂಡು ಬಂದ್ರು. ಎಲ್ಲಿಂದ್ಲೋ.

ಅಂದರೆ ಗಡಿ ಸಿಕ್ಕಿತ್ತು,
ಅದರ ಜಾಗ ಸಿಗಲಿಲ್ಲ.

ಕಡೆಗೆ ಆ ಮೋರಿಯಿಂದ ಈ ಮೋರಿಯವರೆಗೆ
ಸ್ಟೀಲಿನ ಟೇಪು ಎಳೆದರು. ಒಂದು ತುದಿ ಅವಳ ಕೈಲಿ,
ಒಂದು ತುದಿ ನನ್ನ ಕೈಲಿ.
ಅವಳ ಪತ್ರದಲ್ಲಿ ಮೂವತ್ತಡಿ, ನನ್ನದರಲ್ಲಿ ಮೂವತ್ತು.
ನೆಲದಲ್ಲಿ ಐವತ್ತೊಂಬತ್ತು ಅಡಿ, ಒಂದು ಇಂಚು.
ಮತ್ತೊಮ್ಮೆ ಎಳೆದರು. ಅಷ್ಟೇ.

ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹತ್ತೊಂಬತ್ತು ವರ್ಷ
ತೋಳಿಗೆ ಪಟ್ಟಿ ಕೂರಿಸಿದವಳು ನಾನು.
ಕತ್ತರಿಸುವವನು ಹೊಲಿಗೆಗೆ ಬಟ್ಟೆ ಬಿಡದಿದ್ದರೆ
ಬೈಗುಳ ಹೊಲಿದವಳಿಗೆ ಎಂದು ಗೊತ್ತು.
ಇಲ್ಲಿ ಕತ್ತರಿಸಿದವನು ಎಂದೋ ಸತ್ತ. ಅವನ ಮಕ್ಕಳು
ಮಾಗಡಿ ರಸ್ತೆಯಲ್ಲಿ ಇನ್ನೂ ಸೈಟು ಮಾರುತ್ತಿದ್ದಾರೆ.

ಹನ್ನೊಂದು ಇಂಚು.
ಬರೀ ರಿಜಿಸ್ಟ್ರಾರ್ ಕಚೇರಿಯ ಕಪಾಟಿನಲ್ಲಿ ಇರುವ ಮಣ್ಣು,
ಹುಲ್ಲು ಹುಟ್ಟದ್ದು, ಇರುವೆ ಹರಿಯದ್ದು.
ಅದಕ್ಕೂ ಇಬ್ಬರೂ ಕಂದಾಯ ಕಟ್ಟಿದ್ದೇವೆ,
ರಸೀದಿ ಇದೆ.

ಚನ್ನಕೇಶವಯ್ಯ ಟೇಪು ಸುತ್ತಿದರು, ಟೀ ಬೇಡವೆಂದರು.
ಗಾರೆಯ ಯಂಕೋಬ ಗೂಟ ಹಿಡಿದು ನಿಂತೇ ಇದ್ದ:
ಎಲ್ಲಿ ಬಡೀಲಿರೀ ಅಕ್ಕಾ?

ಆರೋಗ್ಯಮೇರಿ ಕಲ್ಲನ್ನು ಮತ್ತೆ ಮೊಗಚಲು ಬಗ್ಗಿದಳು,
ಸೆರಗು ಸಿಕ್ಕಿಸಿ. ಒಬ್ಬಳಿಂದ ಏಳಲಿಲ್ಲ.
ನಾನೂ ಹೋಗಿ ಕೈ ಕೊಟ್ಟೆ,
ಅದು ನನ್ನ ಕಡೆಗೆ ಒಂದು ಬೆರಳೂ ಜರುಗದಂತೆ
ಕಣ್ಣಿಟ್ಟು.