ಒಂದೇ ಆನೆ

ಮಾಲ್ದಾರೆ ಗೇಟಿನ ಹಲಸಿನ ಬುಡಕ್ಕೆ
ಆ ರಾತ್ರಿ ಬಂದದ್ದು ಒಂದೇ ಆನೆ.
ಚಾತ ನೋಡಿದ, ಪೆಟ್ಟಿಗೆಯ ಗುಂಡಿ ಒತ್ತಿದ.
ಬೆಳಗ್ಗೆ ನನ್ನ ಪರದೆಯ ಮೇಲೆ ಎಣಿಸಿದರೆ
ಮುನ್ನೂರ ಹನ್ನೆರಡು.

ಟವರ್ ಇಲ್ಲದ ಕಡೆ ಹೀಗೆ ಕಟ್ಟಿದ್ದೆವು:
ಸಿಲ್ವರ್ ಮರಕ್ಕೊಂದು ಪೆಟ್ಟಿಗೆ, ಅಂಗೈಯಗಲದ ಸೋಲಾರು,
ಮೇಲೆ ಯಜಮಾನನಿಲ್ಲ, ನಡುವೆ ಕಚೇರಿಯಿಲ್ಲ,
ಕೇಳಿದ್ದನ್ನು ನೆರೆಯವರಿಗೆಲ್ಲ ಹೇಳು, ಇಷ್ಟೇ ಕಾನೂನು.
ಆನೆಯ ಸುದ್ದಿಗೆ ಹೆಸರು ಬರೆಸಿದ್ದವರು
ನಲವತ್ತು ತೋಟ, ಎರಡು ಶಾಲೆ, ಒಂದು ಹಾಲಿನ ವ್ಯಾನು.
ನೆರೆಯವರು ಹೇಳಿದರು, ಅವರ ನೆರೆಯವರು ಹೇಳಿದರು,
ಹೇಳಿದವನಿಗೇ ತಿರುಗಿ ಬಂದು ಹೇಳಿದರು.
ಚಾತನ ಪೆಟ್ಟಿಗೆಗೇ ಹನ್ನೊಂದು ಸಲ ಗೊತ್ತಾಯಿತು
ಚಾತ ಆನೆ ಕಂಡ ವಿಷಯ.

ಮೂರೂವರೆಗೆ ಬ್ಯಾಟರಿಗಳು ಒಂದೊಂದೇ ಕಣ್ಣು ಮುಚ್ಚಿದವು.
ನಾಲ್ಕಕ್ಕೆ ಆನೆ ಲೈನ್‌ಮನೆಗಳ ಕಡೆ ದಾಟಿತು.
ಆ ಮಾತು ಹಳೆಯ ಮಾತುಗಳ ಸಾಲಿನ ತುದಿಯಲ್ಲಿ ನಿಂತಿತ್ತು,
ರೇಷನ್ ಅಂಗಡಿಗೆ ತಡವಾಗಿ ಬಂದವರ ಹಾಗೆ.
ಚೋಮಿ ನಲ್ಲಿಗೆ ಹೋಗಿದ್ದಳು. ಕೊಡ ಮಾತ್ರ ಚಪ್ಪಟೆಯಾಯಿತು.
ಅದನ್ನು ತಂದು ನನ್ನ ಮೇಜಿನ ಮೇಲಿಟ್ಟಳು,
ಏನೂ ಹೇಳಲಿಲ್ಲ.

ಮೊದಲು ಮಾಡಿದ್ದು ಪೆದ್ದು ಕೆಲಸ:
ಅದೇ ಮಾತು ಮತ್ತೆ ಬಂದರೆ ಎಸೆ, ಎಂದೆ.
ಗದ್ದಲ ತಣ್ಣಗಾಯಿತು. ಎರಡು ದಿನ ಬೀಗಿದೆ.
ಮೂರನೆಯ ರಾತ್ರಿ ಇನ್ನೊಂದು ಬಂತು, ಮರಿಯ ಜೊತೆ.
‘ಗೇಟಿನ ಹತ್ತಿರ ಆನೆ.’ ಮಾತು ಅದೇ.
ಪೆಟ್ಟಿಗೆಗಳೆಲ್ಲ ನಿಷ್ಠೆಯಿಂದ ಎಸೆದವು.

ಬೊಳ್ಳವ್ವ ನಕ್ಕು ಹೇಳಿದರು:
ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸಾವಿಗೆ ಎರಡು.
ನನ್ನ ತಮ್ಮ ಹುಟ್ಟಿದ ದಿನ ಹೊಡೆದದ್ದು ಒಂದೇ;
ಬೆಟ್ಟ ಅದನ್ನು ಇನ್ನೊಮ್ಮೆ ಹೇಳಿತು.
ಆಚೆ ಊರಿನ ಮಾವ ಬಿಳಿಯುಟ್ಟು ಓಡಿಬಂದು
ತೊಟ್ಟಿಲ ಮುಂದೆ ಬೆಪ್ಪಾಗಿ ನಿಂತ.

ಮಾರನೆಯ ದಿನ ಪ್ರತಿ ಮಾತಿಗೂ ಮನೆಹೆಸರು ಕೊಟ್ಟೆ:
ಯಾವ ಪೆಟ್ಟಿಗೆಯಲ್ಲಿ ಹುಟ್ಟಿತು, ಅಲ್ಲಿ ಎಷ್ಟನೆಯ ಕೂಸು.
ಚಾತ-ಹದಿನೇಳು ಯಾರ ಬಾಯಿಂದ ಬಂದರೂ ಹದಿನೇಳೇ.
ಚಾತ-ಹದಿನೆಂಟು, ಅಕ್ಷರಕ್ಕಕ್ಷರ ಅದೇ ಆಡಿದರೂ,
ಬೇರೆ ಆನೆ.
ಕಂಡ ಹೆಸರನ್ನು ಎರಡು ಹಗಲು ನೆನಪಿಡು, ಆಮೇಲೆ ಮರೆ.
ಬೇಗ ಮರೆತರೆ ತೇವ ಹಿಡಿದ ಯಾವುದೋ ಪೆಟ್ಟಿಗೆ ಕೆಮ್ಮಿ
ನಿನ್ನೆಯ ಆನೆಯನ್ನು ಇವತ್ತಿನ ತೋಟಕ್ಕೆ ನುಗ್ಗಿಸುತ್ತದೆ.

ಫೋಟೋ ಹೊರಲು ಭಾರ. ಅದು ಸಿಕ್ಕವನು
ಸಿಕ್ಕ ಕ್ಷಣವೇ ಸುತ್ತ ಪಿಸುಗುಟ್ಟಬೇಕು:
‘ನನಗೆ ಬಂತು, ನೀನು ಕಳಿಸಬೇಡ.’
ಬೇಡ ಎಂಬ ಎರಡಕ್ಷರ ಉಳಿಸಿದ ಬ್ಯಾಟರಿಯಲ್ಲಿ
ಇನ್ನೊಂದು ರಾತ್ರಿ ಕಾಯಬಹುದು.

ಹಾಗಂತ ಪೂರ್ತಿ ಒರೆಸಲಿಲ್ಲ.
ತೋಡಿನ ತಗ್ಗಿನಲ್ಲಿ, ಬೀಟೆ ಮರದ ಪೆಟ್ಟಿಗೆಗೆ
ಮೊದಲ ಸಲ ಹೇಳಿದ್ದು ಯಾವತ್ತೂ ಕೇಳುವುದಿಲ್ಲ,
ಎರಡನೆಯದು ಬರೀ ಗೊರಗೊರ.
ಮೂರನೆಯವನ ದಯೆಯಲ್ಲಿ ಅದು ಬದುಕಿದೆ.
ಅದಕ್ಕೇ ಒಬ್ಬೊಬ್ಬನಿಗೂ ಆರು ನೆರೆ ಬಿಟ್ಟೆ.

ಉಳಿದದ್ದು ಚಾತನ ಹೆಬ್ಬೆರಳು.
ಅವನು ಮೂರು ಸಲ ಒತ್ತುತ್ತಿದ್ದ,
ಲೆಕ್ಕ ಮೂರು ಆನೆ ಬರೆದುಕೊಳ್ಳುತ್ತಿತ್ತು.
ಒಂದೇ ಸಲ ಒತ್ತಪ್ಪ, ಎಂದೆ.
ಬೀಡಿ ಆರಿಸಿ ಕೇಳಿದ:
‘ಕಾಡಲ್ಲಿ ಕೂಗಿದರೆ ಆಚೆಯವನು ಓ ಅಂತಾನೆ.
ಇದು ಅನ್ನೋದಿಲ್ಲ. ಕೇಳಿತು ಅಂತ
ನನಗೆ ಹೇಗೆ ಗೊತ್ತಾಗಬೇಕು?’

ಆರು ತಿಂಗಳು ನಾನು ಕಿವಿಗಳನ್ನೇ ತಿದ್ದುತ್ತಿದ್ದೆ.

ಈಗ ಅವನ ಪೆಟ್ಟಿಗೆಗೊಂದು ಹಸಿರು ದೀಪ, ಸಾಸಿವೆಯಷ್ಟು.
ಅವನ ಮಾತನ್ನು ಬೇರೆ ಯಾರೋ ಮುಂದಕ್ಕೆ ಹೇಳುವುದು
ತಿರುಗಿ ಅವನ ಪೆಟ್ಟಿಗೆಗೇ ಬಿದ್ದಾಗ, ಒಮ್ಮೆ ಮಿನುಗುತ್ತದೆ.
ದಂಡವೆಂದು ನಾನು ಎಸೆಯುತ್ತಿದ್ದ ಹನ್ನೊಂದರಲ್ಲಿ
ಮೊದಲನೆಯದು ಅವನ ‘ಓ’ ಆಗಿತ್ತು.

ನಿನ್ನೆ ಅವನ ಜೊತೆ ಅಟ್ಟಣಿಗೆಯಲ್ಲಿದ್ದೆ.
ಕೆಳಗೆ ಮೆಣಸಿನ ಬಳ್ಳಿ ಪರಪರ ಹರಿಯಿತು.
ಒತ್ತಿದ. ಕಾದೆವು. ಮಿನುಗಿತು.
ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡ.