ಹಂಪನಕಟ್ಟೆಯಲ್ಲಿ ಸಿಟ್ಟಿನ ಪಾಠ

ಬೇಕರಿಯ ಮೇಲಿನ ಮಾಳಿಗೆ. ಸಂಜೆ ಆರೂವರೆ.
ಕೆಳಗಿಂದ ಬನ್ನಿನ ಪರಿಮಳ, ಮೇಲೆ ಫ್ಯಾನಿನ ಗರಗರ.
ಹಿಲ್ಡಾ ಟೀಚರು ಬೋರ್ಡಿನ ಮೇಲೆ ಕುಕ್ಕರ್ ಬಿಡಿಸಿ
ವಿಸಿಲಿಗೊಂದು ಬಾಣ ಹಾಕಿದರು:
ಬ್ಲೋ ಅಪ್.
ಎಲ್ಲರೂ ಹೇಳಿ.
ಹೇಳಿದೆವು, ಧಕ್ಕೆಯಲ್ಲಿ ಲೆಕ್ಕ ಬರೆಯುವ ಉಮರಬ್ಬ,
ಮೂಡುಬಿದಿರೆ ಬಸ್ಸಿನ ಕಂಡಕ್ಟರ್ ಸುಂದರ ಬಂಗೇರ,
ಮಗಳ ಶಾಲೆಯ ಮೀಟಿಂಗಿನಲ್ಲಿ ಬರೀ ತಲೆಯಾಡಿಸಿ ಸಾಕಾದ
ಗೇರುಬೀಜ ಕಾರ್ಖಾನೆಯ ನಾನು.

ಈ ಭಾಷೆಯಲ್ಲಿ ಸಿಟ್ಟು ಮೇಲಕ್ಕೇ ಹೋಗುತ್ತದೆ,
ಫ್ಲೇರ್ ಅಪ್, ಬ್ಲೋ ಅಪ್.
ಇಲ್ಲವೇ ಹೊರಕ್ಕೆ, ಲ್ಯಾಶ್ ಔಟ್.
ಬಾಲ ತಪ್ಪಿತೋ ಕೆಟ್ಟಿತು:
ಬ್ಲೋ ಔಟ್ ಅಂದರೆ ಕ್ಯಾಂಡಲ್ ಊದುವುದು,
ಬ್ಲೋ ಓವರ್ ಅಂದರೆ ಎಲ್ಲ ಮೋಡದ ಹಾಗೆ ದಾಟಿ ಹೋಗುವುದು.
ಬಂಗೇರ ತಲೆ ಕೆರೆದ:
ನಮ್ಮ ಬಸ್ಸಿನ ಹಾಗೆಯೇ ಟೀಚರ್,
ಬೋರ್ಡು ಬದಲಾದರೆ ಊರು ಬದಲು.

ನಾನು ನಮ್ಮದನ್ನು ಯೋಚಿಸಿದೆ.
ನಮ್ಮಲ್ಲಿ ಉರಿದು ಬೀಳುತ್ತಾರೆ.
ಬೆಂಕಿ ಏರುವುದಲ್ಲವೇ, ಬೀಳುವುದು ಹೇಗೆ?
ಮೂರು ಮೆಟ್ಟಿಲು ಎತ್ತರದ ಕಟ್ಟೆಯಲ್ಲಿ ನಿಂತು
ಮೇಸ್ತ್ರಿ ನಮ್ಮ ಮೇಲೆ ಬೀಳುವುದನ್ನು ಕಂಡವರಿಗೆ
ಬಿಡಿಸಿ ಹೇಳಬೇಕಾಗಿಲ್ಲ.

ವಾಕ್ಯ ಮಾಡಿ, ಅಂದರು.
ದಿ ಮೇಸ್ತ್ರಿ ಬ್ಲೋಸ್ ಅಪ್, ಅಂದೆ.
ಗುಡ್. ಈಗ ನಿಮ್ಮದು, ‘ಐ’ಯಿಂದ.

ಐ.
ಕರೆಂಟು ಕಂಬದ ಹಾಗೆ ನೆಟ್ಟಗೆ ಒಂದೇ ಗೆರೆ.
ಅಲ್ಲೇ ನಿಂತೆ.
ನನಗೆ ಸಿಟ್ಟು ಬರುತ್ತದೆ, ಹೌದು,
ನೆಗಡಿ ಬಂದ ಹಾಗೆ, ನೆಂಟರು ಬಂದ ಹಾಗೆ.
ಚಾಪೆ ಹಾಸಿ ಕೂರಿಸುತ್ತೇನೆ,
ರಾತ್ರಿ ಪಾತ್ರೆ ತೊಳೆಯುವ ಹೊತ್ತಿಗೆ ಎದ್ದು ಹೋಗುತ್ತದೆ.
ಇಲ್ಲಿ ನಾನೇ ಏರಬೇಕಂತೆ, ನಾನೇ ಸಿಡಿಯಬೇಕಂತೆ.
ಸೊನೆ ಸುಟ್ಟ ಬೆರಳುಗಳನ್ನು ಡೆಸ್ಕಿನಡಿ ಎಳೆದುಕೊಂಡೆ.

ಅಷ್ಟರಲ್ಲಿ ಬೇಕರಿಯ ಯಜಮಾನ ಬಾಗಿಲಿಗೆ ಬಂದು
ಬರುವ ತಿಂಗಳಿಂದ ಬಾಡಿಗೆ ಎರಡು ಸಾವಿರ ಹೆಚ್ಚು ಅಂದ,
ಎಲ್ಲರ ಎದುರೇ.
ಟೀಚರ ಕೈಯಲ್ಲಿ ಚಾಕು ಅಲ್ಲ, ಚಾಕ್, ಮುರಿಯಿತು.
ಆಮೇಲೆ ಬಂದದ್ದು ಅಪ್ಪೂ ಅಲ್ಲ, ಔಟೂ ಅಲ್ಲ,
ಉಸಿರಿಗೂ ಜಾಗವಿಲ್ಲದ ಕೊಂಕಣಿ.
ಆತ ಬೆನ್ನು ತಿರುಗಿಸದೆಯೇ ಮೆಟ್ಟಿಲಿಳಿದ.

ಟೀಚರು ಕೂತರು. ನೀರು ಕುಡಿದರು.
ರಾಗ್ ಆಯ್ಲೊ, ಅಂದರು ನಮ್ಮ ಮುಖ ನೋಡದೆ.
ಸಿಟ್ಟಿಗೆ ಅವರಲ್ಲಿ ರಾಗ್ ಎಂದು ಹೆಸರು.
ಅದೂ ಬರುವುದೇ.
ಇದು ಪರೀಕ್ಷೆಗಿಲ್ಲ, ಅಂದು ಬೋರ್ಡು ಒರೆಸಿದರು.
ಕುಕ್ಕರಿನ ಹಿಡಿ ಮಾತ್ರ ಉಳಿಯಿತು.

ಶನಿವಾರ ತಕ್ಕಡಿ
ನಾನು ಸುಲಿದ ಬೀಜಕ್ಕೆ ಇನ್ನೂರು ಗ್ರಾಂ ಕಡಿಮೆ ಹೇಳಿತು.
ಬಂತು.
ಚಾಪೆ ಹಾಸಲಿಲ್ಲ.
ಇನ್ನೊಮ್ಮೆ ತೂಗಿ, ಅಂದೆ,
ತುಳುವಿನಲ್ಲೋ ಕನ್ನಡದಲ್ಲೋ ನೆನಪಿಲ್ಲ.
ಅನ್ನುವಾಗ ಮೂರು ಮೆಟ್ಟಿಲು ಹತ್ತಿಯಾಗಿತ್ತು.

ಆ ಕಟ್ಟೆಯಲ್ಲಿ
ಇಬ್ಬರು ನಿಲ್ಲುವಷ್ಟು ಜಾಗ ಉಂಟು.