ರಶೀದಿ

ಉಪ್ಪಳ ಪೇಟೆ, ಮೀನಂಗಡಿಯ ಮೇಲಿನ ಕೋಣೆ.
ಪರದೆ ತುಂಬ ರೂಬಿಯ ಒಂದೇ ಮೆಥಡ್, ತೊಂಬತ್ತೆರಡು ಸಾಲು;
ಡೆಫ್ ಎಂದು ಒಳಹೊಕ್ಕರೆ
ಎಂಡ್ ಸಿಗುವಷ್ಟರಲ್ಲಿ ಚಾ ತಣ್ಣಗೆ.

ಹೆಸರು ಓದುತ್ತದೆ, ಕನ್ನಡದಿಂದ ಮಲಯಾಳಕ್ಕೆ ದಾಟಿಸುತ್ತದೆ,
ಮನೆತೆರಿಗೆಯ ಬಾಕಿ ಕೂಡಿ, ಬ್ಯಾಂಕಿನ ಬಾಗಿಲು ಬಡಿದು
ರಶೀದಿ ಹರಿದು ಕೊಡುತ್ತದೆ.
ನನ್ನ ಟೆಸ್ಟು ಒಂದೇ. ಹಸಿರು.

"ಯಾರ ಹೆಸರು ಕೊಟ್ಟೆ?" ಫೌಝಿಯಾ ಕೇಳಿದಳು.
"ರಾಮ."
"ರಾಮ ಯಾವ ಹೊಳೆಯನ್ನೂ ದಾಟುತ್ತಾನೆ ಮಾರಾಯ,
ಚೆನಿಯಾರುವನ್ನು ಕಳಿಸಿ ನೋಡು."

ಕತ್ತರಿ ಹಿಡಿದೆವು. ಒಂದೊಂದು ಕೆಲಸಕ್ಕೆ ಒಂದೊಂದು ಸಣ್ಣ ಹೆಸರು.
ಬ್ಯಾಂಕಿನ ಜಾಗದಲ್ಲಿ ಒಬ್ಬ ನಕಲಿ ಗುಮಾಸ್ತ,
ಏನು ಕೇಳಿದರೂ "ಸಂದಾಯ" ಅನ್ನುವವನು.
ಮತ್ತೊಬ್ಬ, ಏನು ಕೇಳಿದರೂ ಬಾಯಿ ಬಿಡದವನು:
ಅವನೆದುರು ರಶೀದಿ ಹರಿಯಬಾರದು.
ಹರಿಯಿತು.

ಲಿಪಿಯ ಹಂತವನ್ನು ಒಂಟಿಯಾಗಿ ನಿಲ್ಲಿಸಿ ಕೇಳಿದರೆ
ಈ ದಡದ ಚೆನಿಯಾರು
ಆ ದಡದಲ್ಲಿ ಚೆನಿಯಾರ್,
ಕೊನೆಯ ಉಕಾರ ನೀರುಪಾಲು.
ಅಷ್ಟು ಸಾಕು, ಅವನು ಕಟ್ಟಿದ ದುಡ್ಡು
ಇನ್ಯಾರದೋ ಲೆಕ್ಕಕ್ಕೆ.

ಕೆಳಗೆ ಬಂಗುಡೆಯ ಹರಾಜು ಮುಗಿದಿತ್ತು.
ಪರದೆಯಲ್ಲಿ ಎರಡು ಕೆಂಪು,
ನಿನ್ನೆಯ ಹಸಿರಿಗಿಂತ ನಂಬಿಕಸ್ಥ.
"ನಾಳೆ ಐಸಮ್ಮನನ್ನೂ ಕಳಿಸು" ಎಂದು
ಫೌಝಿಯಾ ಮೇಜಿನಡಿ ಚಪ್ಪಲಿ ಹುಡುಕಿದಳು.